ಚಾಚಿದ ಕೈಗೆ ಏನು ಕೊಡುವುದು? ಕಾಸು, ಊಟ, ದೇಣಿಗೆ ಅಥವಾ ಒಂದು ಅರ್ಜಿ

ಬಾಗಿಲಿಗೆ ಬೇಡಲು ಬಂದವರಿಗೆ 'ಇಲ್ಲ' ಎನ್ನಬಾರದು ಎಂದು ನಮ್ಮ ಮನೆಯ ಹಿರಿಯರು ಕಲಿಸಿದ್ದರು. ಕೊಡಲು ಏನೂ ಇಲ್ಲದ ದಿನ 'ಮುಂದಕ್ಕೆ ಹೋಗಮ್ಮ' ಎನ್ನುತ್ತಿದ್ದರು. ಆ ಮಾತು ಈಗ ಸಿಗ್ನಲ್‌ಗೂ ಬಂದಿದೆ, ಮೆಟ್ರೊ ಮೆಟ್ಟಿಲಿಗೂ ಬಂದಿದೆ. ಜೊತೆಗೆ 'ಚಿಲ್ಲರೆ ಇಲ್ಲ' ಎಂಬ ಇನ್ನೊಂದು ಮಾತು ಸೇರಿಕೊಂಡಿದೆ. ಹೂವು, ಸೊಪ್ಪು, ಎಳನೀರು ಎಲ್ಲಕ್ಕೂ ಮೊಬೈಲ್‌ನಿಂದಲೇ ಹಣ ಹೋಗುವ ಬೆಂಗಳೂರಿನಲ್ಲಿ ಅದು ಬಹುಪಾಲು ನಿಜವೇ. ನಾನು ದಿನವೂ ಹಾದುಹೋಗುವ ದೇವಸ್ಥಾನದ ಬಳಿ ಹೂವಿನವರ ಬುಟ್ಟಿಗೆ ಕ್ಯೂಆರ್ ಕೋಡಿನ ಚೀಟಿ ಅಂಟಿಸಿದೆ. ಅವರ ಪಕ್ಕದಲ್ಲಿ ಕೂರುವ ಅಜ್ಜಿಯ ತಟ್ಟೆಯಲ್ಲಿ ಬೆಳಗಿನ ಹನ್ನೊಂದಾದರೂ ಎರಡೇ ನಾಣ್ಯ ಇರುತ್ತದೆ.

ಕೊಡಬೇಕೋ ಬೇಡವೋ ಎಂದು ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಕೊಟ್ಟರೆ ಸೋಮಾರಿಗಳಾಗುತ್ತಾರೆ ಎನ್ನುವವರಿದ್ದಾರೆ. ಹಿಂದೆ ದೊಡ್ಡ ಜಾಲವೇ ಇದೆ, ಒಂದು ಪೈಸೆಯೂ ಕೊಡಬಾರದು ಎನ್ನುವವರಿದ್ದಾರೆ. ಕೊಡುವುದು ನಮ್ಮ ಧರ್ಮ, ಅವರು ಅದನ್ನು ಏನು ಮಾಡುತ್ತಾರೆಂದು ನೋಡುವುದು ನಮ್ಮ ಕೆಲಸವಲ್ಲ ಎನ್ನುವವರೂ ಇದ್ದಾರೆ. ಒಂದೊಂದು ಕಾಲದಲ್ಲಿ ಒಂದೊಂದನ್ನು ನಾನೂ ನಂಬಿದ್ದೆ. ಈಗ ನನಗೆ ತೋಚುವುದು ಇಷ್ಟು: ಎದುರಿಗೆ ನಿಂತವರು ಯಾರು ಎಂದು ನೋಡದೆ ಈ ಪ್ರಶ್ನೆಗೆ ಉತ್ತರವಿಲ್ಲ. ಮಗುವಿಗೆ ಒಂದು ಉತ್ತರ, ಮುದುಕರಿಗೆ ಇನ್ನೊಂದು. ಒಮ್ಮೆ ಕಂಡು ಮರೆಯಾಗುವವರಿಗೂ ದಿನವೂ ಕಾಣುವವರಿಗೂ ನಾವು ಮಾಡಬೇಕಾದದ್ದು ಬೇರೆ ಬೇರೆ. ಆ ಲೆಕ್ಕದಲ್ಲೇ ಒಂದೊಂದು ದಾರಿಯನ್ನೂ ಇಲ್ಲಿ ತೂಗಿ ನೋಡಿದ್ದೇನೆ.

ಕಾನೂನು ಏನು ಹೇಳುತ್ತದೆ

ನಮ್ಮ ರಾಜ್ಯದಲ್ಲಿ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಜಾರಿಯಲ್ಲಿದೆ. ಅದು ಹಿಡಿಯುವುದು ಬೇಡುವವರನ್ನು, ಕೊಡುವವರನ್ನಲ್ಲ. ಹಿಡಿದವರನ್ನು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸುತ್ತಾರೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ಕೇಂದ್ರವನ್ನು ಜನ ಈಗಲೂ 'ಬೆಗ್ಗರ್ಸ್ ಕಾಲೊನಿ' ಎಂದೇ ಕರೆಯುತ್ತಾರೆ. ಇದರ ಖರ್ಚಿಗಾಗಿ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಉಪಕರ ವಸೂಲಾಗುತ್ತದೆ. ನಿಮ್ಮ ಮನೆಯ ತೆರಿಗೆ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ನಾನು ಒಂದು ಪೈಸೆಯೂ ಕೊಡುವುದಿಲ್ಲ ಎನ್ನುವ ಮನೆ ಮಾಲೀಕರೂ ವರ್ಷ ವರ್ಷ ಕೊಡುತ್ತಲೇ ಇದ್ದಾರೆ. ಕೊಟ್ಟ ಮೇಲೆ ಲೆಕ್ಕ ಕೇಳುವ ಹಕ್ಕೂ ಅವರಿಗಿದೆ.

ಕೇಳಲೂಬೇಕು. 2010ರ ಆಗಸ್ಟ್‌ನಲ್ಲಿ ಅದೇ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಒಬ್ಬರ ಹಿಂದೆ ಒಬ್ಬರು ಸತ್ತರು. ಆಗಿನ ಸಮಾಜ ಕಲ್ಯಾಣ ಸಚಿವರು ಆ ಖಾತೆ ಬಿಟ್ಟುಕೊಡಬೇಕಾಯಿತು. 'ಇವರನ್ನೆಲ್ಲ ಹಿಡಿದುಕೊಂಡು ಹೋಗಬಾರದೇ' ಎಂದು ಯಾರಾದರೂ ಅಂದಾಗ ನನಗೆ ಆ ಆಗಸ್ಟ್ ನೆನಪಾಗುತ್ತದೆ. ಗಾಡಿ ಬಂತೆಂದು ಗೊತ್ತಾದ ಕೂಡಲೇ ಬೇಡುವವರು ಗಂಟುಮೂಟೆ ಬಿಟ್ಟು ಓಡುವುದು ಸುಮ್ಮನೆ ಅಲ್ಲ.

ನ್ಯಾಯಾಲಯಗಳ ನೋಟ ಇತ್ತೀಚೆಗೆ ಬದಲಾಗಿದೆ. 2018ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್, ಅಲ್ಲಿ ಜಾರಿಯಲ್ಲಿದ್ದ 1959ರ ಬಾಂಬೆ ಕಾಯ್ದೆಯ ಭಿಕ್ಷಾಟನೆಯನ್ನು ಅಪರಾಧವಾಗಿಸುವ ಸೆಕ್ಷನ್‌ಗಳನ್ನು ರದ್ದುಪಡಿಸಿತು. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಬೇರೆ ದಾರಿಯಿಲ್ಲದೆ ಜನ ಬೇಡುತ್ತಾರೆ, ಬೀದಿಯಿಂದ ಅವರನ್ನು ತೆರವುಗೊಳಿಸಿ ಎಂದು ತಾನು ಆದೇಶಿಸುವುದಿಲ್ಲ ಎಂದಿತು. ಇಂದೋರ್ ನಗರ ಮಾತ್ರ ಬೇರೆ ದಾರಿ ಹಿಡಿದು, 2025ರ ಜನವರಿಯಿಂದ ಭಿಕ್ಷೆ ಕೊಟ್ಟವರ ಮೇಲೂ ಪ್ರಕರಣ ದಾಖಲಿಸುವುದಾಗಿ ಸಾರಿತು. ಹಸಿದವರಿಗೆ ಹತ್ತು ರೂಪಾಯಿ ಕೊಟ್ಟದ್ದಕ್ಕೆ ಠಾಣೆ ಮೆಟ್ಟಿಲು ಹತ್ತಿಸುವುದು ನನಗೆ ಯಾವ ರೀತಿಯಲ್ಲೂ ಒಪ್ಪಿಗೆಯಿಲ್ಲ.

ಕೈಗೆ ಕಾಸು

ವಯಸ್ಕರು ಬೇಡಿದರೆ ಕಾಸು ಕೊಡುವುದು ತಪ್ಪಲ್ಲ. 'ದುಡ್ಡು ಕೊಡುವುದಿಲ್ಲ, ಬೇಕಾದರೆ ಊಟ ಕೊಡಿಸುತ್ತೇನೆ' ಎನ್ನುವವರು ಬೀದಿಯ ಬದುಕಿಗೆ ಏನೇನು ಬೇಕೆಂದು ಒಂದು ದಿನ ಯೋಚಿಸಿದರೆ ಸಾಕು. ಬೆಳಗಾದರೆ ಶೌಚಾಲಯಕ್ಕೆ ಕಾಸು ಬೇಕು. ಸ್ನಾನಕ್ಕೆ ಅದಕ್ಕಿಂತ ಹೆಚ್ಚು ಬೇಕು. ಹೆಣ್ಣುಮಕ್ಕಳಿಗೆ ತಿಂಗಳ ದಿನಗಳ ಖರ್ಚಿದೆ. ತಲೆನೋವಿನ ಮಾತ್ರೆ, ಮೊಬೈಲ್ ರೀಚಾರ್ಜ್, ಊರಿಗೆ ಹೋಗುವ ಬಸ್ಸು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಬೇಡ, ನಿಜ. ಆದರೆ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ಚೀಟಿ ಕಳೆದುಕೊಂಡವರಿಗೆ ಶಕ್ತಿ ಯೋಜನೆಯೂ ಇಲ್ಲ. ಇವುಗಳಲ್ಲಿ ಒಂದಕ್ಕೂ ಪುಳಿಯೋಗರೆ ಪೊಟ್ಟಣ ಆಗುವುದಿಲ್ಲ.

'ಕುಡಿಯುತ್ತಾರೆ' ಎಂಬ ಮಾತಿಗೆ ಬರೋಣ. ಕೆಲವರು ಕುಡಿಯುತ್ತಾರೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಬಡವರ ಕೈಗೆ ದುಡ್ಡು ಬಂದರೆ ಹೆಂಡಕ್ಕೇ ಹೋಗುತ್ತದೆ ಎಂಬ ಸಾಮಾನ್ಯ ನಂಬಿಕೆ ಅಧ್ಯಯನಗಳಲ್ಲಿ ನಿಂತಿಲ್ಲ. ದುಡಿಯುವ ಹೆಣ್ಣುಮಕ್ಕಳ ಸಂಘಟನೆ 'ಸೇವಾ' (SEWA), ಯುನಿಸೆಫ್ ಜೊತೆ ಸೇರಿ 2011–12ರಲ್ಲಿ ಮಧ್ಯಪ್ರದೇಶದ ಹಳ್ಳಿಗಳಲ್ಲಿ ಜನರಿಗೆ ತಿಂಗಳು ತಿಂಗಳು ಯಾವ ಷರತ್ತೂ ಇಲ್ಲದೆ ಹಣ ಕೊಟ್ಟು ನೋಡಿತು. ವಯಸ್ಕರಿಗೆ ಮೊದಲು 200, ಆಮೇಲೆ 300 ರೂಪಾಯಿ. ಕುಡಿತ ಹೆಚ್ಚಲಿಲ್ಲ, ಊಟ ಸುಧಾರಿಸಿತು, ಮಕ್ಕಳ ಓದು ಸುಧಾರಿಸಿತು. ಹಲವು ದೇಶಗಳ ಇಂಥ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ವಿಮರ್ಶೆಯೂ ಅದನ್ನೇ ಹೇಳಿತು. ಹಳ್ಳಿಯ ಕುಟುಂಬ ಬೇರೆ, ಫುಟ್‌ಪಾತಿನ ಒಂಟಿ ಜೀವ ಬೇರೆ. ಒಂದರ ಫಲವನ್ನು ಇನ್ನೊಂದಕ್ಕೆ ಹಾಗೆಯೇ ಹೊಂದಿಸಲಾಗದು. ಆದರೂ ಎದುರಿಗಿರುವವರನ್ನು ಮೊದಲೇ ಕುಡುಕರೆಂದು ತೀರ್ಮಾನಿಸುವುದಕ್ಕೆ ನಮಗೆ ಆಧಾರವಿಲ್ಲ ಎಂಬುದಂತೂ ಸ್ಪಷ್ಟ.

ಕಾಸಿನ ಮಿತಿಯೂ ದೊಡ್ಡದು. ಹತ್ತು ರೂಪಾಯಿ ಇವತ್ತನ್ನು ದಾಟಿಸುತ್ತದೆ, ನಾಳೆ ಅವರು ಅಲ್ಲೇ ಕೂತಿರುತ್ತಾರೆ. ಹಸಿರು ದೀಪ ಬೀಳುವ ಹೊತ್ತಿಗೆ ಕಿಟಕಿ ಇಳಿಸಿ ಕೊಡುವುದು ಅಪಾಯ. ನಾಣ್ಯ ಜಾರಿ ಬಿದ್ದರೆ ಅದನ್ನು ಹೆಕ್ಕಲು ಅವರು ಚಕ್ರಗಳ ನಡುವೆ ಬಗ್ಗುತ್ತಾರೆ. ಇಳಿದು, ನಿಂತು, ಕೈಗೆ ಕೊಡಿ. ಎಸೆಯಬೇಡಿ. ನಾನು ತಿಂಗಳ ಮೊದಲ ವಾರ ಬ್ಯಾಂಕಿನಲ್ಲಿ ಹತ್ತು ರೂಪಾಯಿಯ ನೋಟುಗಳನ್ನು ತೆಗೆದುಕೊಂಡು ಚೀಲದ ಹೊರಜೇಬಿನಲ್ಲಿ ಇಡುತ್ತೇನೆ. ಇದಕ್ಕೆಂದೇ ತೆಗೆದಿಟ್ಟ ಮೊತ್ತವಾದ್ದರಿಂದ ಪ್ರತಿ ಬಾರಿಯೂ ಮನಸ್ಸಿನಲ್ಲಿ ಚೌಕಾಸಿ ನಡೆಸಬೇಕಾಗಿಲ್ಲ. ಮುಗಿದ ಮೇಲೆ ಬಂದವರಿಗೆ 'ಇವತ್ತು ಆಗುವುದಿಲ್ಲ ತಾಯಿ' ಎಂದು ಮುಖ ನೋಡಿ ಹೇಳುತ್ತೇನೆ. ಮೊಬೈಲ್ ನೋಡುತ್ತ ಕೈ ಬೀಸುವುದನ್ನು ಬಿಟ್ಟಿದ್ದೇನೆ.

ಊಟ

ಊಟ ಕೊಡುವುದು ಕಾಸಿಗಿಂತ ಶ್ರೇಷ್ಠ ಎಂದು ತುಂಬ ಜನ ನಂಬಿದ್ದಾರೆ. ಅನ್ನದಾನದ ನಾಡು ನಮ್ಮದು. ಧರ್ಮಸ್ಥಳದಲ್ಲಿ, ಸಿದ್ಧಗಂಗೆಯಲ್ಲಿ ಹೊಟ್ಟೆ ತುಂಬಿಸಿಕೊಂಡವರೇ ನಾವೆಲ್ಲ. ಆದರೆ ಬೀದಿಯ ಅನ್ನದಾನದಲ್ಲಿ ಒಂದು ತೊಡಕಿದೆ, ಅದು ಸಾಲಿನಲ್ಲಿ ಕೂತವರಿಗೆ ಮಾತ್ರ ಗೊತ್ತು. ಶನಿವಾರ ಆಂಜನೇಯನ ಗುಡಿಯ ಮುಂದೆ, ಗುರುವಾರ ರಾಯರ ಮಠದ ಮುಂದೆ, ಶುಕ್ರವಾರ ಮಸೀದಿಯ ಮುಂದೆ ಪೊಟ್ಟಣದ ಮೇಲೆ ಪೊಟ್ಟಣ ಬೀಳುತ್ತವೆ. ಮಂಗಳವಾರ ಸಂಜೆ ಯಾರೂ ಇಲ್ಲ.

ಒಂದು ಶನಿವಾರ ಮಧ್ಯಾಹ್ನ ನಾನು ಮೊಸರನ್ನದ ಡಬ್ಬಿ ಹಿಡಿದು ದೇವಸ್ಥಾನದ ಬಳಿಯ ಆ ಅಜ್ಜಿಯ ಮುಂದೆ ನಿಂತೆ. ಆಕೆ ಬೇಡ ಎನ್ನಲಿಲ್ಲ. ಪಕ್ಕದ ಚೀಲ ಸ್ವಲ್ಪ ತೆರೆದು ತೋರಿಸಿದರು. ಒಳಗೆ ಆಗಲೇ ನಾಲ್ಕು ಪೊಟ್ಟಣ ಮೊಸರನ್ನ, ಒಂದು ಚಿತ್ರಾನ್ನ, ಎರಡು ಚಪಾತಿ. ಬಿಸಿಲಿಗೆ ಮೊಸರು ಹುಳಿಯಾಗಿ ಪ್ಲಾಸ್ಟಿಕ್ ಉಬ್ಬಿತ್ತು. ಚಪಾತಿ ಅಗಿಯಲು ಆಕೆಗೆ ಹಲ್ಲಿಲ್ಲ. 'ತಂಗಿ, ಒಂದು ಚಹಾ ಕೊಡಿಸು' ಎಂದರು. ಇಷ್ಟು ವರ್ಷ ಕೇಳದೆ ಕೊಟ್ಟಿದ್ದೇನಲ್ಲ ಎಂದು ಆ ದಿನ ನನಗೆ ನಾಚಿಕೆಯಾಯಿತು.

ಆದ್ದರಿಂದ ಊಟ ಕೊಡುವುದಾದರೆ ಮೊದಲು ಕೇಳಿ. ಸಕ್ಕರೆ ಕಾಯಿಲೆಯವರಿಗೆ ಸಿಹಿ ಪೊಂಗಲ್ ಕೊಟ್ಟರೆ ಅವರು ಹಸಿವಿಗೆ ತಿಂದೇಬಿಡುತ್ತಾರೆ. ಬಾಳೆಹಣ್ಣು, ನೀರಿನ ಬಾಟಲಿ, ಬಿಸ್ಕತ್ತು ಇವು ಅಷ್ಟು ಬೇಗ ಕೆಡುವುದಿಲ್ಲ, ಯಾವ ದಿನವಾದರೂ ಬೇಕಾಗುತ್ತವೆ. ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ಇನ್ನೂ ಒಳ್ಳೆಯದು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗಿನಿಂದ ಅಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಎಲ್ಲರ ಜೊತೆ ಸಾಲಿನಲ್ಲಿ ನಿಂತು, ತಟ್ಟೆ ಹಿಡಿದು, ಬಿಸಿಬಿಸಿಯಾಗಿ ಉಣ್ಣಬಹುದು. ಇಲ್ಲಿ ನೋಡಿ, ಕಾಸು ಮತ್ತು ಊಟದ ಜಗಳವೇ ಮುಗಿಯಿತು: ನೀವು ಕೊಟ್ಟ ಹತ್ತರ ನೋಟೇ ಒಂದು ಊಟ.

ಹಾಲಿನ ಪುಡಿಯ ಡಬ್ಬಿ, ಅಡುಗೆ ಎಣ್ಣೆ, ಐದು ಕಿಲೋ ಅಕ್ಕಿ ಕೊಡಿಸಿ ಎಂದು ಅಂಗಡಿಗೇ ಕರೆದೊಯ್ಯುವವರಿದ್ದಾರೆ. ನೀವು ಬೆನ್ನು ತಿರುಗಿಸಿದ ಮೇಲೆ ಆ ಸಾಮಾನು ಅಂಗಡಿಗೇ ವಾಪಸು ಹೋಗುವುದುಂಟು. ನಾನು ಕೊಡಿಸಿದ ಡಬ್ಬಿಯೊಂದು ಹೀಗೆ ಹತ್ತು ನಿಮಿಷದಲ್ಲಿ ಮತ್ತೆ ಕಪಾಟಿಗೆ ಏರಿದ್ದನ್ನು ನೋಡಿದ್ದೇನೆ. ನಿಜವಾಗಿ ಬೇಕಾದವರೂ ಹೀಗೇ ಕೇಳಬಹುದು. ನಾನು ಈಗ ಡಬ್ಬಿಯ ಮುಚ್ಚಳ ತೆರೆಸಿ, ಮೇಲಿನ ಹಾಳೆ ಹರಿದು ಕೊಡುತ್ತೇನೆ. ಬೇಕಾದವರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ.

ಮಕ್ಕಳು ಬೇಡಿದರೆ

ಇಲ್ಲಿ ನನ್ನ ಮಾತು ಒಂದೇ: ಕಾಸು ಬೇಡ. ಮಗು ತರುವ ಹಣ ದೊಡ್ಡದಾದಷ್ಟೂ ಅದು ಶಾಲೆಗೆ ಹೋಗುವ ದಿನ ದೂರವಾಗುತ್ತದೆ. ಸಪ್ಪೆ ಮುಖದ ಪುಟ್ಟ ಮಗುವಿಗೆ ಜನ ಹೆಚ್ಚು ಕೊಡುತ್ತಾರೆ ಎಂಬುದೇ ಆ ಮಗುವನ್ನು ಬಿಸಿಲಿನಲ್ಲಿ ನಿಲ್ಲಿಸುವ ಕಾರಣ. ಹಣ್ಣು, ಹಾಲು ಕೊಡಿ, ನಿಮ್ಮೆದುರೇ ತಿನ್ನಲಿ.

ಆಮೇಲೆ 1098ಕ್ಕೆ ಕರೆ ಮಾಡಿ. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ಜಾಗ ಯಾವುದು, ಹತ್ತಿರದ ಗುರುತು ಏನು, ಎಷ್ಟು ಮಕ್ಕಳು, ಸುಮಾರು ವಯಸ್ಸು, ಯಾವ ಬಣ್ಣದ ಬಟ್ಟೆ, ಜೊತೆಗೆ ದೊಡ್ಡವರಿದ್ದಾರೆಯೇ ಎಂಬುದನ್ನು ಹೇಳಲು ಸಿದ್ಧರಾಗಿರಿ. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅವರೇ ಹಾಜರುಪಡಿಸುತ್ತಾರೆ, ಮುಂದೇನು ಎಂದು ಸಮಿತಿ ತೀರ್ಮಾನಿಸುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 76ನೇ ಸೆಕ್ಷನ್ ಪ್ರಕಾರ ಮಗುವನ್ನು ಭಿಕ್ಷೆಗೆ ಬಳಸುವವರಿಗೆ ಐದು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿ ದಂಡ ಇದೆ. ಒಂದು ಕರೆಯಿಂದ ಎಲ್ಲ ಸರಿಹೋಗುವುದಿಲ್ಲ. ಅದೇ ಜಾಗದಿಂದ ನಾನು ಮೂರು ಬಾರಿ ಕರೆ ಮಾಡಿದ್ದೇನೆ. ಮೂರನೆಯ ಸಲಕ್ಕೆ ಜನ ಬಂದರು.

ಇನ್ನೊಂದು ಎಚ್ಚರಿಕೆ, ಇದನ್ನು ಕೈಮುಗಿದು ಹೇಳುತ್ತೇನೆ. 'ಆ ಮಗು ಅವಳದ್ದಲ್ಲ, ಕದ್ದು ತಂದದ್ದು' ಎಂದು ಬೀದಿಯಲ್ಲಿ ಕೂಗಬೇಡಿ, ವಿಡಿಯೊ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಬೇಡಿ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಎಂಬ ವದಂತಿಗೆ ಸಿಕ್ಕಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಅನುಮಾನವಿದ್ದರೆ 1098 ಇದೆ, 112 ಇದೆ. ತನ್ನ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡ ತಾಯಿಗೆ ಅದನ್ನು ಬಿಟ್ಟುಬರಲು ಅಂಗನವಾಡಿಯೂ ಇಲ್ಲ, ಮನೆಯೂ ಇಲ್ಲ ಎಂಬುದೇ ಬಹಳ ಸಲ ಅಲ್ಲಿನ ಪೂರ್ತಿ ಕಥೆ.

ದಿನವೂ ಕಾಣುವ ಮುಖ

ಈಗ ಆ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಈ ಬರಹ ಹುಟ್ಟಿದ್ದೇ ಆಕೆಯಿಂದ.

ರಾಯಚೂರು ಕಡೆಯ ಹಳ್ಳಿಯವರು. ಮಗನ ಜೊತೆ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಬಂದವರು, ಮಗ ತೀರಿಹೋದ ಮೇಲೆ ಇಲ್ಲಿಯೇ ಉಳಿದವರು. ಎರಡು ವರ್ಷ ನಾನು ದಿನಕ್ಕೆ ಹತ್ತು ರೂಪಾಯಿ ಕೊಟ್ಟುಕೊಂಡು ಹೋದೆ. ಒಂದು ದಿನ ವಯಸ್ಸೆಷ್ಟು ಎಂದು ಕೇಳಿದೆ. ದೊಡ್ಡ ಬರಗಾಲ ಬಂದಾಗ ತಾನು ಮಾತು ಬರುವ ಕೂಸು ಎಂದರು. ಆಧಾರ್ ಇತ್ತಂತೆ, ಮಳೆಗೆ ಹೋಯಿತಂತೆ. ಪಿಂಚಣಿ ಬರುತ್ತದೆಯೇ ಎಂದರೆ, ಅದು ದೊಡ್ಡ ನೌಕರಿ ಮಾಡಿದವರಿಗೆ ಅಲ್ಲವೇ ಎಂದು ನನ್ನನ್ನೇ ಕೇಳಿದರು.

65 ದಾಟಿದ ಬಡ ಹಿರಿಯರಿಗೆ ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಇದೆ, ತಿಂಗಳಿಗೆ 1,200 ರೂಪಾಯಿ. ವಿಧವೆಯರಿಗೆ, ಅಂಗವಿಕಲರಿಗೆ ಬೇರೆ ಪಿಂಚಣಿಗಳಿವೆ. 1,200 ಎಂದರೆ ದಿನಕ್ಕೆ 40 ರೂಪಾಯಿ. ನನ್ನಂಥ ನಾಲ್ಕು ಜನ ತಪ್ಪದೆ ದಿನವೂ ಕೊಟ್ಟ ಹಾಗೆ. ಅದೂ ಬೇಡದೆ, ತನ್ನ ಹಕ್ಕಿನಿಂದ ಬರುವ ಹಣ. ಇದನ್ನು ಕೊಡಿಸಲು ನನಗೆ ಐದು ತಿಂಗಳು ಹಿಡಿಯಿತು. ಹೇಗೆ ಎಂದು ಬಿಡಿಸಿ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ.

ಕಳೆದುಹೋದ ಆಧಾರ್ ಸಂಖ್ಯೆಯನ್ನು ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಅಥವಾ ಕಣ್ಣಿನ ಪಾಪೆಯ ಗುರುತಿನಿಂದ ಹುಡುಕಿ ತೆಗೆಯಬಹುದು. ವಿಚಾರಿಸಲು 1947 ಎಂಬ ಸಂಖ್ಯೆಗೆ ಕರೆ ಮಾಡಬಹುದು. ಅಜ್ಜಿಯ ಹತ್ತು ಬೆರಳೂ ಯಂತ್ರಕ್ಕೆ ಒಪ್ಪಿಗೆಯಾಗಲಿಲ್ಲ. ಇಟ್ಟಿಗೆ ಹೊತ್ತು, ಸಿಮೆಂಟ್ ಕಲಸಿ ಗೆರೆಗಳೇ ಸವೆದುಹೋಗಿದ್ದವು. ಕೇಂದ್ರದ ಹುಡುಗ ಒದ್ದೆ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿ, ಒತ್ತಿ, ಮತ್ತೆ ಒರೆಸಿ ನೋಡಿದ. ಕೊನೆಗೆ ಕಣ್ಣಿನ ಯಂತ್ರ ಹಿಡಿದು, 'ಅಜ್ಜಿ, ಕಣ್ಣು ಅಗಲ ಮಾಡಿ' ಎಂದ. ಪೊರೆ ಬಂದ ಎಡಗಣ್ಣು ಸಿಗಲಿಲ್ಲ, ಬಲಗಣ್ಣು ಸಿಕ್ಕಿತು. ಪರದೆಯ ಮೇಲೆ ಹತ್ತು ವರ್ಷ ಹಿಂದಿನ ಆಕೆಯ ಫೋಟೊ ಮೂಡಿತು, ಹಣೆಯಲ್ಲಿ ದೊಡ್ಡ ಕುಂಕುಮ. ಆಕೆ ಬಹಳ ಹೊತ್ತು ಅದನ್ನೇ ನೋಡಿದರು. ವಯಸ್ಸು 67 ಎಂದಿತ್ತು.

ವಿಳಾಸ ಹಳ್ಳಿಯದು. ಅರ್ಜಿ ಇಲ್ಲಿ ಹಾಕಬೇಕಾದರೆ ಇಲ್ಲಿನ ವಿಳಾಸ ಬೇಕು. ಬೇರೆ ದಾಖಲೆ ಇಲ್ಲದವರಿಗೆ ಆಧಾರ್ ಪ್ರಾಧಿಕಾರದ ನಮೂನೆಯಲ್ಲಿ ಗೆಜೆಟೆಡ್ ಅಧಿಕಾರಿಯೋ ಶಾಸಕರೋ ಸಹಿ ಹಾಕಿದ ಪ್ರಮಾಣಪತ್ರ ನಡೆಯುತ್ತದೆ. ಆಕೆ ರಾತ್ರಿ ಮಲಗುವ ಶೆಡ್ಡಿನ ಮಾಲೀಕರು ತಮ್ಮ ವಿಳಾಸ ಬಳಸಲು ಒಪ್ಪಿದರು. ದೇವರು ಅವರಿಗೆ ಒಳ್ಳೆಯದು ಮಾಡಲಿ. ಬಳಿಕ ಶೂನ್ಯ ಶಿಲ್ಕಿನ ಬ್ಯಾಂಕ್ ಖಾತೆ, ಅದಕ್ಕೆ ಆಧಾರ್ ಜೋಡಣೆ. ಆಮೇಲೆ ನಾಡಕಚೇರಿಯಲ್ಲಿ ಅರ್ಜಿ, ಆದಾಯದ ದಾಖಲೆ, ಸ್ಥಳ ಪರಿಶೀಲನೆ. ಒಂದು ಕಚೇರಿಯಲ್ಲಿ ನಮ್ಮನ್ನು ಮೂರು ಬಾರಿ ಹಿಂದಕ್ಕೆ ಕಳಿಸಿದರು, ಪ್ರತಿ ಬಾರಿಯೂ ಹೊಸದೊಂದು ಕಾಗದ ಕೇಳಿದರು. ಓದುಬರಹ ಬಲ್ಲ ನನಗೇ ಕಣ್ಣೀರು ಬಂತು. ಅಜ್ಜಿ ಒಂಟಿಯಾಗಿ ಬಂದಿದ್ದರೆ ಮೊದಲ ಬಾರಿಗೇ ಮನೆಗೆ ಮರಳುತ್ತಿದ್ದರು, ಮನೆ ಇದ್ದಿದ್ದರೆ.

ಪಿಂಚಣಿ ಬಂತು. ಪಾಸ್‌ಬುಕ್ ಅನ್ನು ಹಾಲಿನ ಕವರಿನಲ್ಲಿ ಸುತ್ತಿ ಎಲೆಯಡಿಕೆ ಸಂಚಿಯೊಳಗೆ ಇಟ್ಟುಕೊಂಡಿದ್ದಾರೆ. ಆದರೂ ದೇವಸ್ಥಾನದ ಬಳಿ ಕೂರುವುದನ್ನು ಅವರು ಬಿಟ್ಟಿಲ್ಲ, ಏಕೆಂದರೆ 1,200ರಲ್ಲಿ ಬೆಂಗಳೂರಿನಲ್ಲಿ ಬಾಡಿಗೆ ಇಲ್ಲ, ಔಷಧವೂ ಇಲ್ಲ. ಹಾಗೆಂದು ಐದು ತಿಂಗಳು ವ್ಯರ್ಥವಾಗಲಿಲ್ಲ: ಈಗ ಮಳೆ ಬಂದ ದಿನ ಅವರು ಕೂರುವುದಿಲ್ಲ, ಜ್ವರ ಬಂದ ದಿನ ಕೂರುವುದಿಲ್ಲ.

ಇಷ್ಟು ಮಾಡಲು ಎಲ್ಲರಿಗೂ ಸಮಯ ಇರುವುದಿಲ್ಲ. ಹಿರಿಯರಿಗಾಗಿ 14567 ಎಂಬ ಸಹಾಯವಾಣಿ ಇದೆ. ಪಿಂಚಣಿಯ ಮಾಹಿತಿ ಕೊಡುತ್ತಾರೆ, ದಿಕ್ಕಿಲ್ಲದ ಹಿರಿಯರಿಗೆ ಆಶ್ರಯ ಹುಡುಕಲು ನೆರವಾಗುತ್ತಾರೆ. ದೂರವಾಣಿ ಮಾಡಲು ಹತ್ತು ನಿಮಿಷ ಸಾಕು. ಅಷ್ಟೂ ಆಗದಿದ್ದರೆ ಹತ್ತು ರೂಪಾಯಿ ಕೊಡುವುದನ್ನಾದರೂ ನಿಲ್ಲಿಸಬೇಡಿ.

ಮನಸ್ಸು ಕೆಟ್ಟವರು

ಕೂದಲು ಜಡೆಗಟ್ಟಿ, ತಮ್ಮಷ್ಟಕ್ಕೆ ಮಾತನಾಡುತ್ತ ತಿರುಗುವವರು ಸಾಮಾನ್ಯವಾಗಿ ಕೇಳುವುದೂ ಇಲ್ಲ. ಕೊಟ್ಟ ಕಾಸು ಅವರ ಕೈಯಲ್ಲಿ ಉಳಿಯುವುದಿಲ್ಲ, ಯಾರಾದರೂ ಕಿತ್ತುಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಚಿಕಿತ್ಸೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥವರನ್ನು ರಕ್ಷಣೆಗೆ ತೆಗೆದುಕೊಳ್ಳುವ ಹೊಣೆಯನ್ನು ಪೊಲೀಸ್ ಠಾಣೆಯ ಮೇಲೆ ಹೊರಿಸಿದೆ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಠಾಣೆಯವರು 'ಹುಚ್ಚರನ್ನು ನಾವೇನು ಮಾಡುವುದು' ಎಂದರೆ 100ನೇ ಸೆಕ್ಷನ್ ಎಂದು ಹೇಳಿ. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ.

ಜೋಳಿಗೆ ಹಿಡಿದವರೆಲ್ಲ ಭಿಕ್ಷುಕರಲ್ಲ

ಕೋಲೆ ಬಸವ, ಗೊರವಯ್ಯ, ಬುಡುಬುಡಿಕೆಯವರು, ಎಲ್ಲಮ್ಮನ ಕೊಡ ಹೊತ್ತ ಜೋಗತಿಯರು, ನಿಮ್ಮ ವಂಶಾವಳಿಯನ್ನೇ ಒಪ್ಪಿಸುವ ಹೆಳವರು. ಇವರು ಬಂದರೆ ನಾನು ಭಿಕ್ಷೆ ಹಾಕುವುದಿಲ್ಲ, ಹಾಡಿಗೆ, ಆಟಕ್ಕೆ, ಓದಿಗೆ ಸಂಭಾವನೆ ಕೊಡುತ್ತೇನೆ. ಹತ್ತರ ನೋಟು ಇಲ್ಲಿ ಸಾಲದು. ಕೂರಿಸಿ, ಪೂರ್ತಿ ಕೇಳಿ, ಐವತ್ತೋ ನೂರೋ ಕೊಡಿ. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರೂ ಒಂದು ಕಾಲದಲ್ಲಿ ಬೀದಿಯಲ್ಲಿ ಬೇಡಿ ಹೊಟ್ಟೆ ಹೊರೆದವರೇ.

ಸಿಗ್ನಲ್‌ನಲ್ಲಿ ಚಪ್ಪಾಳೆ ತಟ್ಟುವ ಮಂಗಳಮುಖಿಯರ ಬಗ್ಗೆ ಜನಕ್ಕೆ ಭಯ, ಸಿಟ್ಟು ಎರಡೂ ಇವೆ. ಕೊಡುವುದು ಬಿಡುವುದು ನಿಮ್ಮಿಷ್ಟ. ಬಲವಂತ ಮಾಡಿದರೆ ಕೊಡಬೇಕಾಗಿಲ್ಲ. ಅವರನ್ನು ಮನೆಯಿಂದ ಹೊರಹಾಕಿದ್ದು, ಕೆಲಸ ಕೊಡದೆ ಕಳಿಸಿದ್ದು ನಮ್ಮಂಥ ಮನೆಗಳೇ ಎಂಬುದನ್ನು ಮಾತ್ರ ಮರೆಯಬೇಡಿ. ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟದ್ದು ಕರ್ನಾಟಕ, 2021ರಲ್ಲಿ. ನಿಮ್ಮ ಕಚೇರಿಯಲ್ಲಿ, ಅಂಗಡಿಯಲ್ಲಿ ಒಂದು ಕೆಲಸ ಖಾಲಿ ಇದ್ದರೆ ಅದು ಸಾವಿರ ಹತ್ತರ ನೋಟುಗಳಿಗಿಂತ ದೊಡ್ಡದು.

ಪರ್ಸ್ ಕಳೆದುಹೋಯಿತು, ಊರಿಗೆ ಹೋಗಲು ನೂರಿಪ್ಪತ್ತು ಕಡಿಮೆ ಬಿದ್ದಿದೆ ಎನ್ನುವ ಇಸ್ತ್ರಿ ಅಂಗಿಯವರಿಗೆ ನಾನು ಟಿಕೆಟ್ ಕೊಡಿಸಲು ಬರುತ್ತೇನೆ ಎನ್ನುತ್ತೇನೆ. ನಿಜವಾದವರು ಜೊತೆಗೆ ಬರುತ್ತಾರೆ.

ಸಂಸ್ಥೆಗೆ ಕೊಡುವುದು

ಬೀದಿಯಲ್ಲಿ ಕೊಡುವುದಕ್ಕಿಂತ ಒಳ್ಳೆಯ ಸಂಸ್ಥೆಗೆ ಕೊಡಿ ಎಂಬ ಸಲಹೆ ಸರಿಯೇ. ಹಾಸಿಗೆ, ವೈದ್ಯರು, ವಕೀಲರು, ಶಾಲೆ ಇವೆಲ್ಲ ಒಬ್ಬರ ನೋಟಿನಿಂದ ಆಗುವ ಕೆಲಸಗಳಲ್ಲ. ತೊಂದರೆ ಎಂದರೆ ನಮ್ಮಲ್ಲಿ ಹಲವರು ಈ ಮಾತನ್ನು ಬೀದಿಯಲ್ಲಿ ಕೊಡದಿರಲು ಬಳಸಿ, ಸಂಸ್ಥೆಗೂ ಕೊಡುವುದಿಲ್ಲ. ಕೊಡುವುದಾದರೆ ಮೊದಲು ಒಮ್ಮೆ ಹೋಗಿ ನೋಡಿ. ಹೇಳದೆ ಹೋಗಿ, ಊಟದ ಹೊತ್ತಿಗೆ ಹೋಗಿ. ಅಲ್ಲಿರುವವರು ಹೊರಗೆ ಓಡಾಡಲು ಬಿಡುತ್ತಾರೆಯೇ, ಅವರ ಹಣ ಅವರ ಕೈಯಲ್ಲಿದೆಯೇ, ಬಂದ ದಾನಿಗಳ ಮುಂದೆ ಅವರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆಯೇ ಎಂದು ಗಮನಿಸಿ. ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ನೋಂದಣಿ ಇದೆಯೇ ಎಂದು ನೋಡಬಹುದು. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿದ್ದರೆ ಇಂಥ ದೇಣಿಗೆಗೆ ರಿಯಾಯಿತಿ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಸಿಗುವುದಿಲ್ಲ.

ನನ್ನ ಹಂಚಿಕೆ ಹೀಗಿದೆ: ತಿಂಗಳಿಗೆ ಇಷ್ಟೆಂದು ತೆಗೆದಿಟ್ಟ ಹಣದಲ್ಲಿ ಮುಕ್ಕಾಲು ಪಾಲು ಮನೆಯಿಲ್ಲದವರ ಆಶ್ರಯ ನಡೆಸುವ ಒಂದು ಸಂಸ್ಥೆಗೆ, ಕಾಲು ಪಾಲು ಹತ್ತರ ನೋಟುಗಳಾಗಿ ಕೈಗೆ. ಬೀದಿಯ ಪಾಲನ್ನು ಸೊನ್ನೆ ಮಾಡಲು ನನ್ನಿಂದ ಆಗುವುದಿಲ್ಲ. ಸಂಸ್ಥೆಯ ರಸೀದಿ ನನ್ನ ಮುಖ ನೋಡುವುದಿಲ್ಲ, ಅಜ್ಜಿ ನೋಡುತ್ತಾರೆ.

ಕಳೆದ ವಾರ ಆಕೆ ನನ್ನನ್ನು ನಿಲ್ಲಿಸಿ ಪಕ್ಕದಲ್ಲಿ ಕೂರುವ ಹಿರಿಯರೊಬ್ಬರನ್ನು ತೋರಿಸಿದರು. ಆಂಧ್ರದ ಗಡಿಯ ಕಡೆಯವರು, ಬಲಗಾಲು ಮಂಡಿಯ ಕೆಳಗೆ ಇಲ್ಲ. ಇವರಿಗೂ ಕಣ್ಣಿನಿಂದ ಕಾರ್ಡ್ ತೆಗೆಸಿಕೊಡು ತಂಗಿ, ನಾನು ಜೊತೆಗೆ ಬಂದು ಕಣ್ಣು ಹೇಗೆ ಅಗಲ ಮಾಡಬೇಕೆಂದು ಹೇಳಿಕೊಡುತ್ತೇನೆ ಎಂದರು. ಆಧಾರ್ ಕೇಂದ್ರ ಹತ್ತು ಗಂಟೆಗೆ ತೆರೆಯುತ್ತದೆ. ಶನಿವಾರ ಒಂಬತ್ತೂವರೆಗೆ ಆಟೊ ತರುತ್ತೇನೆಂದು ಹೇಳಿ ಬಂದಿದ್ದೇನೆ.